ಗಂಟೆಗುಡ್ಡದ ಮೂಲಂಗಿ ಹೊಲ

“ನಿಮ್ಮ ಹೆಸರು ನಮ್ಮ ರೇಡಿಯೊದಲ್ಲಿ ಯಾವತ್ತೂ ಬರೋದಿಲ್ಲಮ್ಮ” ಎಂದು ಪಾದ್ರಿ ಹಾಮ್ ಒಬ್ಬ ಹೆಂಗಸಿಗೆ ಮಾತು ಕೊಟ್ಟು ನಲವತ್ತು ವರ್ಷವಾಗಿತ್ತು. ಪಾದ್ರಿ ತೀರಿಕೊಂಡಿದ್ದರು. ಅವರು ಕಟ್ಟಿದ ಕ್ರೈಸ್ತ ರೇಡಿಯೊ ಮಾತ್ರ ಬಂದರಿನ ನೆತ್ತಿಯ ಮೇಲೆ, ಗಂಟೆಗುಡ್ಡದಲ್ಲಿ ಕೂತು, ದಿನಾ ಬೆಳಗಿನ ಜಾವ ಐದಕ್ಕೆ ಪ್ರಾರ್ಥನೆ ಹಾಕಿ ಊರನ್ನೆಬ್ಬಿಸುತ್ತಿತ್ತು.

ಎಬ್ಬಿಸುವವನು ಪ್ಯೊ ಗಿಲ್‌ಸು. ಅದಕ್ಕಾಗಿ ಅವನು ಮೂರೂವರೆಗೇ ಏಳಬೇಕು. ನಾಲ್ಕು ವರ್ಷದಿಂದ ಇದೇ ಪಾಳಿ. ಮಗಳು ಅಪ್ಪನ ಚಿತ್ರ ಬರೆದರೆ ಕಣ್ಣು ಬರೆಯುತ್ತಲೇ ಇರಲಿಲ್ಲ, ಎರಡು ಗೀಟು ಎಳೆದು ಬಿಡುತ್ತಿದ್ದಳು.

ಕೇಂದ್ರದ ನಲವತ್ತನೇ ಹುಟ್ಟುಹಬ್ಬ ವರ್ಷದ ಅತಿ ಗಿಡ್ಡ ಹಗಲಿನಂದೇ ಬಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕೇಂದ್ರದ ಚರಿತ್ರೆಯನ್ನು ಗಿಲ್‌ಸುವೇ ಓದಬೇಕಿತ್ತು. ನಿರ್ದೇಶಕ ಮಾ ಅವರು ಹಳೇ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟರು: ‘ಗುಡ್ಡದ ಹೊಲ ಕೊಟ್ಟವರು: ಹೆಸರು ಬೇಡವೆಂದರು.’

“ಈ ಹೆಸರು ಹುಡುಕ್ರಿ. ಸಿಕ್ಕಿದ್ರೆ ಹೊಸ ವರ್ಷದಿಂದ ಬೆಳಗಿನ ಪಾಳಿ ಬೇರೆಯವರಿಗೆ. ಸಿಗ್ಲಿಲ್ವೋ, ಇನ್ನೊಂದು ವರ್ಷ ನಿಮಗೇ.”

ಗಿಲ್‌ಸು ಮಾಡಿದ ತಪ್ಪು ಒಂದೇ. ಹಬ್ಬದ ಬೆಳಿಗ್ಗೆ ಏಳು ಗಂಟೆಗೆ ರೇಡಿಯೊದಲ್ಲೇ ಕೇಳಿಬಿಟ್ಟ: “ನಮ್ಮ ಕೇಂದ್ರ ಕಟ್ಟಲು ಹೊಲ ಕೊಟ್ಟವರು ಯಾರು, ಗೊತ್ತಿದ್ದವರು ದಯವಿಟ್ಟು ತಿಳಿಸಿ.”

ಒಂಬತ್ತರ ಹೊತ್ತಿಗೆ ನಾಲ್ಕು ಸಾಲು ಮೂಲಂಗಿ ಬೆಳೆಯುವಷ್ಟು ಜಾಗಕ್ಕೆ ಏಳು ಜನ ದಾನಿಗಳು ಹಾಜರಾಗಿದ್ದರು.

“ನಮ್ಮಪ್ಪ ಕೊಟ್ಟಿದ್ದು, ಬರ್ಕೊಳ್ಳಿ” ಎಂದರು ಇಗರ್ಜಿ ಸಭೆಯ ಹಿರಿಯ ಬಾಂಗ್.

“ನಿಮ್ಮಪ್ಪ ಒಂದು ಮೂಲಂಗಿ ಕೊಟ್ಟಿದ್ದನ್ನ ಊರು ಕಂಡಿಲ್ಲ, ಹೊಲ ಕೊಟ್ರಂತೆ!” ಎಂದಳು ಮೀನು ಮಾರುವ ಓಕ್. “ಕೊಟ್ಟಿದ್ದು ನಮ್ಮತ್ತೆ. ಸಾಕ್ಷಿಗೆ ಅಕ್ಕಿ ಕಡುಬು ತಂದಿದೀನಿ.”

“ಕಡುಬು ಎಂಥ ಸಾಕ್ಷಿನಮ್ಮ?” ಎಂದ ಗಿಲ್‌ಸು.

“ತಿಂದು ನೋಡಿ, ನಮ್ಮತ್ತೆ ಕೈಗುಣ ಗೊತ್ತಾಗುತ್ತೆ!”

ತಟ್ಟೆ ಅತ್ತ ಒಬ್ಬರು ಎಳೆದರು, ಇತ್ತ ಒಬ್ಬರು ಎಳೆದರು. ಬಿಡಿಸಲು ಹೋದ ಗಿಲ್‌ಸುವಿನ ಟೈ ಅಂಟು ಕಡುಬಿನೊಳಗೆ ಸಿಕ್ಕಿ, ಅವನು ಗಾಣಕ್ಕೆ ಕಟ್ಟಿದ ಎತ್ತಿನಂತೆ ತಟ್ಟೆಯ ಹಿಂದೆಯೇ ಎರಡು ಸುತ್ತು ಬಂದ.

ಹನ್ನೊಂದೂವರೆಗೆ ಹಿಂಬಾಗಿಲಲ್ಲಿ ಯಾರೋ ತೋಳು ಜಗ್ಗಿದರು. ಒಣಮೀನು ಮಾರುವ ಸೊಕ್ ಬುನಿ ಅಜ್ಜಿ.

“ತಮ್ಮಾ, ಕೊಟ್ಟೋಳು ನಾನು.”

“ಅಜ್ಜೀ! ನೀವು ಬುದ್ಧನ ಗುಡಿಗೆ ಹೋಗೋರು!”

“ಮೆತ್ತಗೆ ಮಾತಾಡೋ! ಆ ಕಾಲದಲ್ಲಿ ಒಂದು ರಾತ್ರಿ ದಟ್ಟ ಮಂಜು. ನಮ್ಮ ಯಜಮಾನ್ರ ದೋಣಿ ದಾರಿ ತಪ್ಪಿತ್ತು. ಹಾಮ್ ಪಾದ್ರಿ ಬೆಳಗಾಗೋ ತನಕ ಇಗರ್ಜಿ ಗಂಟೆ ಬಾರಿಸಿದ್ರು. ಅಂಗೈ ಸುಲಿದು ಹೋಗಿತ್ತು. ಆ ಸದ್ದು ಹಿಡ್ಕೊಂಡೇ ನಮ್ಮೋರು ದಡ ಸೇರಿದ್ದು. ಗಂಟೆಗಿಂತ ದೂರ ಕೇಳಿಸೋದೇನಾದ್ರೂ ಕಟ್ಟಿ ಅಂತ ಹೊಲ ಬಿಟ್ಟುಕೊಟ್ಟೆ. ಹೆಸರು ಮಾತ್ರ ಬೇಡ ಅಂದೆ. ಗೊತ್ತಾದ್ರೆ ಗುಡಿಯೋರು ಇವತ್ತು, ಗಿಡ್ಡ ಹಗಲಿನ ದಿನ, ಊರಿಗೆ ಹಂಚೋ ಕೆಂಪು ಕಾಳಿನ ಗಂಜಿಗೆ ನಂಗೆ ಸೌಟು ಮುಟ್ಟೋಕೆ ಬಿಡಲ್ಲ. ಪಾದ್ರಿ ಮಾತು ನೀನೇ ಕಾಯಬೇಕು.”

ಗಿಲ್‌ಸುವಿನ ಮುಂದೆ ಮೂರೂವರೆ ಗಂಟೆಯ ಅಲಾರಂ ಒಂದು ಕಡೆ, ಸುಲಿದ ಅಂಗೈ ಒಂದು ಕಡೆ.

ಹನ್ನೆರಡಕ್ಕೆ ಅವನು ಓದಿದ: “ಹೊಲ ಕೊಟ್ಟವರ ಹೆಸರು ದೇವರಿಗೆ ಗೊತ್ತು. ನಲವತ್ತು ವರ್ಷ ನಮ್ಮನ್ನು ಹೊತ್ತ ಆ ಮಣ್ಣಿಗೆ ನಾವು ಋಣಿಗಳು.” ಗಾಜಿನಾಚೆ ಏಳು ದಾನಿಗಳ ಮುಖ ಏಳು ಬಗೆಯಲ್ಲಿ ಹುಳಿಯಾಯಿತು. ಮಾ ಅವರು ಐದು ಬೆರಳು ತೋರಿಸಿದರು. ಬೆಳಗಿನ ಐದು.

ಆಮೇಲೆ ನೇರ ಪ್ರಸಾರದಲ್ಲೇ ಕೇಳುಗರ ಫೋನು. ಮೊದಲು ಕೇರಿ, ಹೆಸರು ಹೇಳಿ ಆಮೇಲೆ ಮಾತಾಡಬೇಕೆಂಬುದು ಕೇಂದ್ರದ ಹಳೇ ಕಟ್ಟಳೆ. ಮೊದಲ ಕರೆ ಬಂತು.

“ದೀಪಸ್ತಂಭದ ಕೇರಿ, ಸೊಕ್ ಬುನಿ” ಎಂದಿತು ಗದ್ಗದ ದನಿ. “ತಮ್ಮಾ, ನೀನು ನೂರು ವರ್ಷ ಬಾಳು. ಹೊಲ ಕೊಟ್ಟೋಳು ನಾನು ಅಂತ ಒಬ್ಬರಿಗೂ ಹೇಳ್ಲಿಲ್ಲವಲ್ಲ, ನಿನ್ನ ಉಪಕಾರ ಮರೆಯಲ್ಲ!”

ಗಿಲ್‌ಸು ಕರೆ ಕಡಿಯುವ ಗುಂಡಿ ಒತ್ತುವಷ್ಟರಲ್ಲಿ ಮಾತು ಊರೆಲ್ಲ ಸುತ್ತಿ ಬಂದಿತ್ತು.

ಒಂದು ಗಂಟೆಗೆ ಗುಡಿಯ ನಾಲ್ವರು ಹೆಂಗಸರು ಗಂಜಿಯ ಹಂಡೆ ಹೊತ್ತು ಗುಡ್ಡ ಹತ್ತಿದರು. ಹಿಂದೆ ಬುನಿ ಅಜ್ಜಿ, ಕೈಯಲ್ಲಿ ಅದೇ ಸೌಟು.

“ನಮಗೆ ನಲವತ್ತು ವರ್ಷದಿಂದ ಗೊತ್ತು ಕಣಪ್ಪ” ಎಂದಳು ಅವರಲ್ಲಿ ಹಿರಿಯಳು. “ಇವಳ ಬಾಯಲ್ಲಿ ಏನು ನಿಲ್ಲುತ್ತೆ? ಗುಡಿ ಅಡುಗೆಮನೆಯಲ್ಲೂ ನಿಮ್ಮ ರೇಡಿಯೊನೇ ಹಾಕೋದು. ಕಡಲ ಹವಾಮಾನ ನಿಮ್ಮಷ್ಟು ಸರಿಯಾಗಿ ಯಾರು ಹೇಳ್ತಾರೆ?”

ಹಿರಿಯ ಬಾಂಗ್ ಎರಡು ಬಟ್ಟಲು ಕುಡಿದರು. ಗಿಲ್‌ಸುವೂ ಕುಡಿದ, ಮಗಳಿಗೊಂದು ಡಬ್ಬಿ ತುಂಬಿಸಿಕೊಂಡ.

“ಸಾರ್, ಹೆಸರು ಸಿಕ್ಕಿತಲ್ಲ” ಎಂದ ಮೆಲ್ಲಗೆ.

“ಸಿಕ್ಕಿತು. ಹುಡುಕಿದ್ದು ನೀವಲ್ಲವಲ್ಲ” ಎಂದು ಮಾ ಅವರು ಸೌಟಿನತ್ತ ಬಟ್ಟಲು ಚಾಚಿದರು. “ನಾಳೆ ಐದಕ್ಕೆ ಆ ಅಮ್ಮನ ಹೆಸರು ಹೇಳಿ ಪ್ರಾರ್ಥನೆ ಶುರು ಮಾಡಿ.”

ಮರುದಿನ ಗಿಲ್‌ಸು ಮೂರೂವರೆಗೆ ಎದ್ದ. ಐದಕ್ಕೆ ಹೆಸರು ಹೇಳಿದ. ಪಾದ್ರಿ ಹಾಮ್ ಕೊಟ್ಟ ಮಾತು ಎರಡನೇ ಸಲ ಮುರಿಯಿತು.