ಮಳೆಗೆ ನಾನು ಹಾಕಿದ ಕೊಸರು

ಹೆಣ್ಣು ಕೊಡುವ ಮೊದಲು ಗಂಡಿನ ಮನೆಯ ಅಂಗಳ ನೋಡಿ. ಎತ್ತು ಕಟ್ಟಿದ್ದರೆ ಕೊಡಿ. ಮೋಟಾರ್ ಸೈಕಲ್ ನಿಂತಿದ್ದರೆ ಯಾರದೆಂದು ವಿಚಾರಿಸಿ ಕೊಡಿ. ಮಳೆ ಅಳೆಯುವ ಡಬ್ಬಿ ನೆಟ್ಟಿದ್ದರೆ ಮಾತ್ರ ಮನೆಗೆ ಬಂದು ಇನ್ನೊಮ್ಮೆ ಯೋಚಿಸಿ. ನಾವು ಯೋಚಿಸಲಿಲ್ಲ, ಅಕ್ಕನನ್ನು ಕೊಟ್ಟೆವು.

ಆಳಂದದ ಆ ಅಂಗಳದ ಯಜಮಾನರು, ಅಂದರೆ ಅಕ್ಕನ ಗಂಡ, ನನ್ನ ಬಾಯಲ್ಲಿ 'ಮಾಮಾ', ಸರ್ಕಾರಿ ಹವಾಮಾನ ಸಂಶೋಧಕರು. ಮೋಡ ಕವಿದರೆ ಊರೆಲ್ಲ ರಾಶಿ ಮುಚ್ಚಲು ಓಡುತ್ತದೆ. ಇವರು ಡಬ್ಬಿಗೆ ಎಲೆ ಬಿದ್ದಿದೆಯೇ ನೋಡಲು ಓಡುತ್ತಾರೆ. ಒಮ್ಮೆ ಕಿಣ್ಣಿ ಸುಲ್ತಾನ ಹಳ್ಳಿಯ ರೈತರೊಬ್ಬರು ಕೇಳಿದರು:

"ಸಾಹೇಬ್ರ, ನಾಳಿ ಮಳಿ ಬರ್ತದೇನ್ರಿ?"

"ಖಾತ್ರಿ ಹೇಳಾಕ ಬರೂದಿಲ್ರಿ. ನಿನ್ನಿದು ಕೇಳ್ರಿ, ಹೇಳ್ತೇನಿ."

"ನಿನ್ನಿದು ನಾವೇ ತೊಯ್ಸ್ಕೊಂಡೇವಲ್ರಿ!"

ಇಂಥವರದೇ ಒಂದು ಸಂಘವಿದೆ ಎಂದರೆ ನಂಬುತ್ತೀರಾ? ವರ್ಷಕ್ಕೊಮ್ಮೆ ಹೈದರಾಬಾದಿನಲ್ಲಿ ಸೇರುತ್ತಿದ್ದರು. ತೊಗರಿ ವ್ಯಾಪಾರದ ನೆಪದಲ್ಲಿ ಒಮ್ಮೆ ನಾನೂ ಹೋಗಿದ್ದೆ. ಮಧ್ಯಾಹ್ನ ಮಳೆ ಬಿತ್ತು. ಅಷ್ಟೂ ಹವಾಮಾನ ತಜ್ಞರ ನಡುವೆ ಛತ್ರಿ ತಂದವನು ನಾನೊಬ್ಬನೇ.

ವರ್ಷಗಟ್ಟಲೆ ಕೊನೆಯ ಸಾಲಿನಲ್ಲಿ ಕೂತು ಬಂದ ಮಾಮಾಗೆ ಎಂಬತ್ತರ ದಶಕದಲ್ಲೊಮ್ಮೆ ವೇದಿಕೆ ಸಿಕ್ಕಿತು. ಆಳಂದ, ಅಫಜಲಪುರ, ಜೇವರ್ಗಿಗಳ ಮಳೆಯ ಬಗ್ಗೆ ಅವರ ಪ್ರಬಂಧ. ಒಂದು ದಿನವೂ ಬಿಡದ ಲೆಕ್ಕ ಎಂಬುದೇ ಅದರ ಹೆಗ್ಗಳಿಕೆ. ಅಷ್ಟರಲ್ಲಿ ಅಕ್ಕನಿಗೆ ಟೈಫಾಯ್ಡ್. ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಾಮಾ ಜೊತೆಗೆ ಹೋದರು. ಎಂಟು ದಿನ ಡಬ್ಬಿ ಅಳೆದು ಬರೆದಿಡುವ ಕೆಲಸ ನನ್ನ ಪಾಲಿಗೆ.

ಅಕ್ಕ ಗುಣವಾಗಿ ಮನೆಗೆ ಬಂದಳು. ಮಾಮಾ ನನ್ನನ್ನೂ ಕರೆದುಕೊಂಡು ಸಭೆಗೆ ಹೊರಟರು. ರೈಲು ವಾಡಿ ದಾಟಿದ ಮೇಲೆ ನಾನೇ ಹೆಮ್ಮೆಯಿಂದ ಹೇಳಿದೆ:

"ಒಂದು ಹನಿ ಕಡಿಮಿ ಬರ್ದಿಲ್ಲ ಮಾಮಾ. ದಿನಾ ಮ್ಯಾಲ ಸ್ವಲ್ಪ ಕೊಸರು ಹಾಕೇನಿ."

ಅಳತೆಯ ಮೇಲೆ ಒಂದು ಹಿಡಿ ಹೆಚ್ಚು ಹಾಕದೆ ನಾನು ಯಾರಿಗೂ ತೊಗರಿ ಅಳೆದವನಲ್ಲ. ಸರ್ಕಾರಕ್ಕೆ ಜಿಪುಣತನ ತೋರಿಸಲೇ?

ಮಾಮಾ ಚೀಲದಿಂದ ಪ್ರಬಂಧದ ಹಾಳೆ ಹೊರಗೆಳೆದರು. "ಎಷ್ಟು ಹಾಕಿದ್ದೀಲೇ ಸಾವಕಾರ?"

"ಮನಸಿಗೆ ಬಂದಷ್ಟು."

ಅವರು ಪೆನ್ನು ತೆಗೆದು ಎಂಟೂ ಸಾಲು ಹೊಡೆದುಹಾಕಿದರು. "ಬ್ಯಾಡ ಮಾಮಾ, ಯಾರಿಗೆ ಗೊತ್ತಾಗ್ತದ? ತೂತು ಬಿದ್ದ ಚೀಲ ಯಾರು ಕೊಳ್ತಾರ?" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

ಸಭೆಯಲ್ಲಿ ನಾನು ಹೆದರಿದ್ದೇ ಆಯಿತು. ಓದು ಅರ್ಧಕ್ಕೆ ಬಂದಾಗ ಅಧ್ಯಕ್ಷರು ತಡೆದು ಹಿಂದಿಯಲ್ಲಿ ಕೇಳಿದರು: "ಈ ಎಂಟು ದಿನ ಏಕೆ ಖಾಲಿ?"

ನನ್ನ ಹೆಸರು ಹೇಳುತ್ತಾರೆಂದು ಕುರ್ಚಿಯಲ್ಲೇ ಕುಗ್ಗಿದೆ. ಮಾಮಾ ಹೇಳಿದರು, "ನಾನು ಊರಲ್ಲಿರಲಿಲ್ಲ ಸಾಹೇಬರೇ, ಸೊಲ್ಲಾಪುರದಲ್ಲಿದ್ದೆ."

"ಹೋಗಲಿ, ಅಲ್ಲಿ ಮಳೆ ಆಗಿತ್ತೇ?"

ಹನಿ ಬಿದ್ದರೆ ಊಟದ ತಟ್ಟೆ ಬಿಟ್ಟು ಏಳುವ ಮನುಷ್ಯ ಹಾಳೆ ಕೆಳಗಿಟ್ಟು ಹೇಳಿದರು:

"ಗೊತ್ತಿಲ್ಲ ಸಾಹೇಬರೇ. ಹೆಂಡತಿಗೆ ಜ್ವರ ಇತ್ತು. ಎಂಟು ದಿನ ನಾನು ಕಿಟಕಿಯ ಕಡೆ ನೋಡಲೇ ಇಲ್ಲ."

ಅಧ್ಯಕ್ಷರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, "ಮುಂದೆ ಓದಿ" ಎಂದರು. ಮಾಮಾ ಒಂಬತ್ತನೆಯ ದಿನದಿಂದ ಓದತೊಡಗಿದರು. ಜೀವನದಲ್ಲಿ ಯಾರ ಮಾಲನ್ನೂ ಎದುರಿಗೆ ಹೊಗಳದ ನಾನು, ಓದು ಮುಗಿಯುವ ಮೊದಲೇ, ಒಬ್ಬನೇ ಚಪ್ಪಾಳೆ ತಟ್ಟಿಬಿಟ್ಟೆ.