ಉದ್ದ ಜಿಗಿತದ ಮೂರು ಕಾರಣಗಳು

ಕಾಲೇಜಿನಲ್ಲಿ ಸಂಬಳ ತೆಗೆದುಕೊಳ್ಳುವವರಲ್ಲಿ ಎರಡೇ ಪಂಗಡ ಎಂದು ನಾನು ಬಹಳ ಕಾಲ ನಂಬಿದ್ದೆ. ಫ್ಯಾನಿನ ಕೆಳಗೆ ನಿಂತು ಮಾತಾಡುವವರು ಒಂದು, ಬಿಸಿಲಲ್ಲಿ ನಿಂತು ಸೀಟಿ ಊದುವವರು ಇನ್ನೊಂದು. ಮೊದಲನೆಯ ಪಂಗಡಕ್ಕೆ ಸೇರಲು ನಾನು ಪಟ್ಟ ಪಾಡು ನನಗೂ ಗೊತ್ತು, ಅಗಡಿಯ ನಮ್ಮ ಓಣಿಗೂ ಗೊತ್ತು. ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಕಣ್ಣಿಂದ ಕಂಡವನು ನಾನೇ ಮೊದಲು. ಕರಿ ಗೌನು ತೊಟ್ಟು ತೆಗೆಸಿದ ನನ್ನ ಫೋಟೋವನ್ನು ಅವ್ವ ದೇವರ ಮಾಡದ ಪಕ್ಕ ತೂಗುಹಾಕಿ, ಬಂದವರಿಗೆಲ್ಲ "ವಕೀಲ ಅಲ್ರಿ, ಅದಕ್ಕಿಂತ ದೊಡ್ಡದು" ಎನ್ನುತ್ತಿದ್ದಳು. ನಾನೂ ತಿದ್ದಲಿಲ್ಲ. ಇತಿಹಾಸದಲ್ಲಿ ಎಂ.ಎ. ಎಂದರೇನೆಂದು ವಿವರಿಸಹೋಗಿದ್ದರೆ ಇದ್ದ ಮರ್ಯಾದೆಯೂ ಹೋಗುತ್ತಿತ್ತು.

ಇಂಥ ನಾನು ಎಂಬತ್ತರ ದಶಕದ ಕೊನೆಯಲ್ಲಿ ಬ್ಯಾಡಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸದ ಹಂಗಾಮಿ ಉಪನ್ಯಾಸಕನಾದೆ. ಹಂಗಾಮಿ ಎಂಬ ಮಾತಿನ ರುಚಿ ಉಂಡವರಿಗೇ ಗೊತ್ತು. ಸ್ಟಾಫ್ ರೂಮಿನಲ್ಲಿ ಕುರ್ಚಿ ಇರುತ್ತದೆ, ಆದರೆ ಅದರ ಮೇಲೆ ಪೂರ್ತಿ ಭಾರ ಬಿಟ್ಟು ಕೂಡ್ರಲು ಧೈರ್ಯವಾಗುವುದಿಲ್ಲ. ರಾಣೆಬೆನ್ನೂರಿನಲ್ಲಿ ನನಗೆ ನೋಡಿಟ್ಟ ಹುಡುಗಿಯ ತಂದೆ ಒಂದೇ ಮಾತು ಹೇಳಿದ್ದರು: "ಹುಡುಗ ಚಲೋ ಅದಾನ್ರಿ. ಖಾಯಂ ಆದಮ್ಯಾಲ ಇನ್ನೂ ಚಲೋ ಕಾಣ್ತಾನ." ಹೀಗಾಗಿ ನನ್ನ ನೌಕರಿ, ಮದುವೆ, ಅವ್ವನ ಗೋಡೆಯ ಮೇಲಿನ ಫೋಟೋದ ಮಾನ ಎಲ್ಲವೂ ಆ ಒಂದು ಶಬ್ದಕ್ಕೆ ಜೋತುಬಿದ್ದಿದ್ದವು.

ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. ಅವರು ತರ್ಕಶಾಸ್ತ್ರದವರು.

"ಕುಂದ್ರಿ. ನಿಮ್ಮ ಇತಿಹಾಸಕ್ಕ ಹುಡುಗ್ರು ಕಡಿಮಿ ಆಗ್ಯಾರ. ವರ್ಕ್‌ಲೋಡ್ ತುಂಬದಿದ್ರ ಖಾಯಂ ಮಾಡಾಕ ಬರೂದಿಲ್ಲ. ಫಿಜಿಕಲ್ ಡೈರೆಕ್ಟರ್ ಬಿಟ್ಟು ಹೋಗ್ಯಾನ. ಆ ಚಾರ್ಜೂ ನೀವ ತಗೊಂಬಿಡ್ರಿ."

"ಸರ್, ನಾನು ಒಂದು ಆಟಾನೂ ಆಡಿದವನಲ್ರಿ."

"ಒಕ್ಕಲುತನದ ಮನ್ಯಾಗ ಹುಟ್ಟೀರಿ, ಮೈ ಗಟ್ಟಿ ಐತಿ. ಮತ್ತೇನು ಬೇಕ್ರಿ?"

ತರ್ಕದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಕೊರಳಿಗೆ ಸೀಟಿ ಹಾಕಿಕೊಂಡು ಊರಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಲದಾಗ ನಿಲ್ಲೂದು ತಪ್ಪಲಿ ಅಂತ ನಿನ್ನ ಓದಿಸಿದ್ನಿ. ನೀ ಮತ್ತ ಬಯಲಾಗ ನಿಂತಿ. ನನ್ನ ಕೈಯಾಗ ಬಾರಕೋಲು, ನಿನ್ನ ಬಾಯಾಗ ಇದು. ಇಷ್ಟಕ್ಕ ಧಾರವಾಡತನಕ ಯಾಕ ಹೋಗಿದ್ದಿ?" ಎಂದ. ನಾನು ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡೆ.

ಬಯಲಲ್ಲಿ ನಿಲ್ಲೋಣವೆಂದರೆ ಬಯಲಾದರೂ ಬೇಕಲ್ಲ! ಮರುದಿನ ಮೈದಾನ ನೋಡಹೋದರೆ ಅಲ್ಲಿ ಮೈದಾನವಿರಲಿಲ್ಲ, ಮೆಣಸಿನಕಾಯಿ ಇತ್ತು. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಮೆಣಸಿನಕಾಯಿ ವ್ಯಾಪಾರಿಗಳು. ಸುಗ್ಗಿ ಶುರುವಾದರೆ ಕಬಡ್ಡಿ ಅಂಕಣದಿಂದ ಉದ್ದ ಜಿಗಿತದ ಕುಣಿಯವರೆಗೆ ಕೆಂಪಗೆ ಹರವಿ ಒಣಗಿಸುವುದು ಕಾಲೇಜು ಹುಟ್ಟಿದಾಗಿನಿಂದ ಬಂದ ಪದ್ಧತಿ. ಮೈದಾನ ಬಿಟ್ಟುಕೊಡಲು ಅವರನ್ನು ಅಂಜುತ್ತಲೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಮಾಸ್ತರ, ಹುಡುಗ್ರು ಎಲ್ಲಿ ಬಿಟ್ರೂ ಓಡ್ತಾವ. ಕಾಯಿ ಓಡ್ತಾವೇನ್ರಿ?" ಎಂದು ನಕ್ಕರು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುತ್ತಾರೆ. ನಮ್ಮ ಕಾಲೇಜೂ ಅದೇ ತಳಿಯದು.

ಆಟದ ಪಿರಿಯಡ್ಡಿನಲ್ಲಿ ಏನು ಮಾಡಬೇಕು? ಕಲಾ ವಿಭಾಗದವನಿಗೆ ಗೊತ್ತಿರುವುದು ಒಂದೇ ವಿದ್ಯೆ, ನೋಟ್ಸ್ ಬರೆಸುವುದು. ಹುಡುಗರನ್ನು ಬೇವಿನ ಗಿಡದ ಕೆಳಗೆ ಕೂಡ್ರಿಸಿ ಬರೆಸತೊಡಗಿದೆ. ಇತಿಹಾಸದ ಯಾವ ಯುದ್ಧಕ್ಕಾದರೂ ಕಾರಣಗಳು, ಘಟನೆಗಳು, ಪರಿಣಾಮಗಳು ಇರುತ್ತವೆ. ಆಟಕ್ಕೆ ಯಾಕೆ ಇರಬಾರದು? "ಉದ್ದ ಜಿಗಿತಕ್ಕೆ ಮೂರು ಕಾರಣಗಳು. ಒಂದು, ಭೌಗೋಳಿಕ: ಮುಂದೆ ಕುಣಿ ಇರುವುದು. ಎರಡು, ರಾಜಕೀಯ: ಪಕ್ಕದ ಕಾಲೇಜಿನವರು ನೋಡುತ್ತಿರುವುದು. ಮೂರು, ಆರ್ಥಿಕ: ಗೆದ್ದವರಿಗೆ ಸ್ಟೀಲ್ ತಾಟು ಸಿಗುವುದು. ಪರಿಣಾಮ: ಜಿಗಿದವನು ಬೀಳುವನು."

ಸೈಕಲ್ ಅಂಗಡಿಯವರ ಮಗ ದಾದಾಪೀರ ನಮ್ಮ ಕಬಡ್ಡಿ ನಾಯಕ, ಇತಿಹಾಸದ ವಿದ್ಯಾರ್ಥಿಯೂ ಹೌದು. ಅವನು ಪೆನ್ನಿನ ಟೊಪ್ಪಿಗೆ ಕಚ್ಚುತ್ತ ಕೇಳಿದ, "ಸರ್, ಜಿಗಿಯೂದು ಯಾವಾಗ್ರಿ?"

"ಮೊದಲು ಬರಕೋ. ಪರೀಕ್ಷೆಗೆ ಬಂದರೆ?"

"ಖರೇ ಹೇಳ್ರಿ ಸರ್, ಜಿಗಿಯಾಕ ಯಾರು ಪೇಪರ್ ತಗೀತಾರ್ರಿ?"

ಬರವಣಿಗೆಯಲ್ಲಿ ಹೀಗೆ ಪಳಗಿದ ನಮ್ಮ ತಂಡ ರಾಣೆಬೆನ್ನೂರಿನ ಅಂತರ ಕಾಲೇಜು ಪಂದ್ಯಕ್ಕೆ ಹೋಯಿತು. ನನಗೆ ಆ ಊರಿನಲ್ಲಿ ಬೇರೆಯೇ ಭಯ. ಸೀಟಿ ಹಾಕಿಕೊಂಡ ಭಾವಿ ಅಳಿಯನನ್ನು ಹುಡುಗಿಯ ತಂದೆ ಕಂಡರೆ? ಪುಣ್ಯಕ್ಕೆ ಹುಡುಗರು ನನ್ನ ಮಾನ ಕಾಪಾಡಿದರು. ಚಹಾ ಬರುವ ಮೊದಲೇ ಸೋತು ಕೂತರು. ಹೊತ್ತು ಇನ್ನೂ ಇತ್ತು, ಕಾಲೇಜಿಗೆ ಲಗೂ ಮರಳಿದರೆ ಬೈಗುಳವೂ ಇತ್ತು. ದಾದಾಪೀರನೇ ದಾರಿ ತೋರಿಸಿದ: "ಗಳಗನಾಥಕ್ಕ ಹೋಗೂಣ್ರಿ ಸರ್, ಹೊಳ್ಯಾಗ ಈಸು ಬೀಳೂಣು."

ಅಲ್ಲಿ ಈಸಿದರು. ಒದ್ದೆ ತಲೆಯಲ್ಲೇ ಹೊಳೆದಂಡೆಯ ಹಳೆಯ ಕಲ್ಲಿನ ಗುಡಿಯ ಸುತ್ತ ತಿರುಗಿದರು. ಮೆಟ್ಟಿಲು ಮೆಟ್ಟಿಲಾಗಿ ಹರಡಿಕೊಂಡ ಅದರ ದಪ್ಪ ಬುನಾದಿಯ ಮೇಲೆ ಕೈಯಾಡಿಸಿ ದಾದಾಪೀರ ಕೇಳಿದ: "ಸರ್, ಇದನ್ನ ಕಟ್ಟಿದವ್ರು ಖಾಯಂ ಇದ್ರೋ, ಹಂಗಾಮಿ ಇದ್ರೋ?"

"ಹಂಗಾಮಿ ಇದ್ದವರು ಇಷ್ಟು ದಪ್ಪ ಕಟ್ಟೂದಿಲ್ಲೋ ಮಾರಾಯ" ಎಂದು ಶುರುಮಾಡಿದವನು, ಹೊಳೆಯ ದಂಡೆಯ ಮಣ್ಣು, ಕಲ್ಲಿನ ಭಾರ, ಕಟ್ಟಿಸಿದವರ ಹಟ, ಕಟ್ಟಿದವರ ಬೆವರು ಎಂದು ಹೊತ್ತು ಮುಳುಗುವವರೆಗೆ ಮಾತಾಡಿದೆ. ಯಾರೂ ಬರೆದುಕೊಳ್ಳಲಿಲ್ಲ. ಯಾರೂ ಆಕಳಿಸಲೂ ಇಲ್ಲ. ನನಗೆ ಚಟ ಹತ್ತಿತು. ಅಂದಿನಿಂದ ಇತಿಹಾಸದ ಪಿರಿಯಡ್ಡಿಗೆ ಹುಡುಗರನ್ನು ಹೊರಗೆ ಹೊರಡಿಸತೊಡಗಿದೆ, ಒಮ್ಮೆ ಕಾಗಿನೆಲೆಯತನಕ ನಡೆಸಿದ್ದೂ ಉಂಟು. ಹೀಗೆ ನಮ್ಮ ಕಾಲೇಜಿನಲ್ಲಿ ಆಟವನ್ನು ಕೂತು ಬರೆಯುವುದೂ ಇತಿಹಾಸವನ್ನು ಓಡಾಡಿ ಕಲಿಯುವುದೂ ರೂಢಿಯಾಯಿತು. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ವಿಶ್ವವಿದ್ಯಾಲಯದ ಕಮಿಟಿ ಬಂದ ದಿನ. ನನ್ನನ್ನು ಖಾಯಂ ಮಾಡಬೇಕೋ ಬೇಡವೋ ಎಂದು ಹೇಳುವ ಕಮಿಟಿ ಅದೇ. ಅದರ ಮುಖ್ಯಸ್ಥರಾದ ಹಿರಿಯರು ದಪ್ಪ ಕನ್ನಡಕದವರು. ದೂರದಿಂದ ಮೈದಾನ ನೋಡಿ, "ಕೆಂಪು ಮಣ್ಣು ಭಾಳ ಚಲೋ ಹಾಸೀರಿ" ಎಂದು ಮೆಚ್ಚಿದರು. ಪ್ರಿನ್ಸಿಪಾಲರು "ಊರಾಗಿಂದ ಸರ್" ಎಂದರು. ಅದು ಸುಳ್ಳೂ ಅಲ್ಲ. ಗಾಳಿ ತಿರುಗಿತು, ಹಿರಿಯರು ಸೀನತೊಡಗಿದರು, ಹತ್ತಿರ ಹೋಗುವ ಆಸೆ ಬಿಟ್ಟರು. ನಿಂತಲ್ಲೇ ಮೂಗೊರೆಸಿಕೊಳ್ಳುತ್ತ ದಾದಾಪೀರನಿಗೆ, "ಉದ್ದ ಜಿಗಿತ ಬರತದೇನಪ್ಪ?" ಎಂದರು. ಅವನು ಕೈಕಟ್ಟಿ ನಿಂತು, ಒಂದಕ್ಷರ ಬಿಡದೆ, ಭೌಗೋಳಿಕದಿಂದ ಹಿಡಿದು ಬೀಳುವವರೆಗೆ ಒಪ್ಪಿಸಿದ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹಿರಿಯರ ಕಣ್ಣಲ್ಲಿ ನೀರಿತ್ತು; ಮೆಣಸಿನಕಾಯಿಯದೋ ಆನಂದದ್ದೋ ತಿಳಿಯಲಿಲ್ಲ. "ಆಟಕ್ಕೂ ನೋಟ್ಸ್! ಎಲ್ಲೂ ನೋಡಿದ್ದಿಲ್ಲ ನಾ" ಎಂದರು.

ಇನ್ನೇನು ಮದುವೆಯ ವಾಲಗ ಕೇಳಿಸುವುದರಲ್ಲಿತ್ತು. ಅಷ್ಟರಲ್ಲಿ ಇತಿಹಾಸದ ತರಗತಿಗೆ ಬಂದರು.

"ನೋಟ್ಸ್ ತೋರಸ್ರಿ."

ತರಗತಿ ಮುಖ ಮುಖ ನೋಡಿಕೊಂಡಿತು. ನನ್ನ ಮೇಲಿನ ಪ್ರೀತಿಗೆ ದಾದಾಪೀರ ಎದ್ದು ನಿಂತ. "ಬರದಿಲ್ರಿ ಸರ್. ಆದ್ರ ಗಳಗನಾಥದ ಗುಡಿ ಬುನಾದಿ ಯಾಕ ಅಷ್ಟು ಅಗಲ ಐತಿ ಅನ್ನೂದು ಹೇಳ್ತೇನ್ರಿ."

"ಅದು ಸಿಲೆಬಸ್ಸಿನ್ಯಾಗ ಐತೇನು?"

"ಇಲ್ರಿ, ಗಳಗನಾಥದಾಗ ಐತ್ರಿ."

ವರದಿ ಬಂತು. ದೈಹಿಕ ಶಿಕ್ಷಣದ ಬೋಧನೆ ಮಾದರಿಯಾಗಿದೆ. ಇತಿಹಾಸದ ಬೋಧನೆ ಸಮಾಧಾನಕರವಾಗಿಲ್ಲ. ಖಾಯಂ ಮಾಡುವ ವಿಷಯ ಮುಂದಿನ ವರ್ಷ ನೋಡುವುದು. ರಾಣೆಬೆನ್ನೂರಿನವರೂ ಮುಂದಿನ ವರ್ಷ ನೋಡುವುದಾಗಿ ಹೇಳಿ ಕಳಿಸಿದರು. ಅಪ್ಪನಿಗೆ ಹೇಳಿದೆ. ಅವನು, "ಓಡಸೂ ಕಡೆ ಬರಸಿದಿ, ಬರಸೂ ಕಡೆ ಓಡಸಿದಿ. ಇಷ್ಟು ಓದಿದವ್ರಿಗೆ ಮಾತ್ರ ಇದು ಸಾಧ್ಯ ಬಿಡು" ಎಂದ.

ಮನುಷ್ಯ ಒಮ್ಮೆ ಸೋತರೆ ಬುದ್ಧಿ ಬರುತ್ತದೆ. ನನಗೂ ಬಂತು. ಮರುವರ್ಷ ಯಾರನ್ನೂ ಹೊಸಿಲು ದಾಟಿಸಲಿಲ್ಲ. ಕಾರಣ, ಘಟನೆ, ಪರಿಣಾಮ. ಬೆರಳು ಬಾತುಕೊಳ್ಳುವಂತೆ ಬರೆಸಿದೆ. ಕಮಿಟಿ ಬಂತು, ನೋಟ್ಸಿನ ದಪ್ಪ ನೋಡಿತು, ನಾನು ಖಾಯಂ ಆದೆ. ರಾಣೆಬೆನ್ನೂರಿನಲ್ಲಿ ವಾಲಗವೂ ಮೊಳಗಿತು. ದಾದಾಪೀರ ಅಷ್ಟರಲ್ಲಿ ಪಾಸಾಗಿ ಹೋಗಿದ್ದ. ಮದುವೆಗೆ ಬಂದವನು ಕೈಕುಲುಕಿ, "ಈಗ ಬುನಾದಿ ಗಟ್ಟಿ ಆತ್ರಿ ಸರ್" ಎಂದ. ಮುಂದೆ ಆಟಕ್ಕೆ ನಿಜವಾದ ಡೈರೆಕ್ಟರೊಬ್ಬ ಬಂದ. ಸೀಟಿ ಅವನಿಗೆ ಒಪ್ಪಿಸಿದೆ. ಅವನು ಅದರ ಜೊತೆಗೆ, "ಆ ಜಿಗಿತದ ನೋಟ್ಸೂ ಕೊಡ್ರಿ ಸರ್, ಕಮಿಟಿ ಬಂದಾಗ ಬೇಕಾಗತಾವ" ಎಂದ.

ಹೀಗೆ ನಾನು ಕೊನೆಗೂ ಫ್ಯಾನಿನ ಕೆಳಗೆ ಬಂದು ನಿಂತೆ, ಕುರ್ಚಿಯ ಮೇಲೆ ಪೂರ್ತಿ ಭಾರ ಬಿಟ್ಟು ಕೂತೆ. ಮೊನ್ನೆ ಮಧ್ಯಾಹ್ನ ಹೀಗೆಯೇ ಕೂತು ಯಾವುದೋ ಯುದ್ಧದ ಕಾರಣಗಳನ್ನು ಬರೆಸುತ್ತಿದ್ದೆ. ಒಮ್ಮೆಲೇ ಹಿಂದಿನ ಬೆಂಚಿನಿಂದ ಗಟ್ಟಿಯಾಗಿ ಸೀಟಿ ಕೇಳಿಸಿತು. ಬೆಚ್ಚಿಬಿದ್ದು ಕಣ್ಣು ತೆರೆದೆ. ತರಗತಿಯೆಲ್ಲ ಪೆನ್ನು ಎತ್ತಿ ಹಿಡಿದುಕೊಂಡು ಬಹಳ ವಿಧೇಯತೆಯಿಂದ ನನ್ನನ್ನೇ ನೋಡುತ್ತಿತ್ತು. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ಮೆಲ್ಲಗೆ ಹೇಳಿದಳು: "ಸರ್, ಎರಡನೇ ಕಾರಣಕ್ಕ ನಿದ್ದಿ ಹತ್ತಿತ್ರಿ ನಿಮಗ. ಮೂರನೇದು ಬರಸ್ರಿ."

ಬರೆಸಿದೆ.