ಕೋಲೆ ಬಸವನ ಸಾಕ್ಷ್ಯ

ದಿನಾಂಕವಿಲ್ಲದ ಘಟನೆಯನ್ನು ನಂಬುವುದು ನನ್ನಿಂದಾಗದು. ಸಂಶೋಧನೆಯಿಂದ ನಿವೃತ್ತನಾಗಿ ನಂಜನಗೂಡಿನಲ್ಲಿ ನೆಲೆಸಿದ ಮೇಲೂ ಈ ಚಾಳಿ ಬಿಟ್ಟಿಲ್ಲ. ಮದುವೆಮನೆಗೆ ಹೋದರೆ ಊಟಕ್ಕೆ ಮುಂಚೆ ಲಗ್ನಪತ್ರಿಕೆಯ ತಿಥಿಯನ್ನು ಪಂಚಾಂಗದೊಂದಿಗೆ ತಾಳೆ ನೋಡುತ್ತೇನೆ. ಹಾಗಾಗಿ ಈಚೆಗೆ ಆಮಂತ್ರಣಗಳು ನನ್ನ ಹೆಂಡತಿಯ ಹೆಸರಿಗೆ ಮಾತ್ರ ಬರುತ್ತವೆ. ಇಂಥವನ ಮನೆಯಲ್ಲಿದ್ದುಕೊಂಡು ನಮ್ಮ ನಾಯಿ ಕರಿಯ ಹೆದರಿಕೊಂಡದ್ದು ಅವನ ದುರದೃಷ್ಟ.

ನಡೆದದ್ದು ಇಷ್ಟು. ಮನೆಮನೆಗೆ ಬಂದು ತಲೆಯಾಡಿಸುವ ಕೋಲೆ ಬಸವ ನಮ್ಮ ಬಾಗಿಲಿಗೂ ಬಂದಿತ್ತು. ಕರಿಯ ಅದರ ಮೂತಿಯ ಕೆಳಗೇ ನಿಂತು ಬೊಗಳಿದ. ಬಸವ ಬಣ್ಣದ ಬಟ್ಟೆ, ಗೆಜ್ಜೆಗಳ ಸಮೇತ ತಲೆ ತಗ್ಗಿಸಿ ಒಮ್ಮೆ ಬುಸ್ಸೆಂದಿತು. ಅಂದು ನನ್ನ ಓದುವ ಮೇಜಿನ ಕೆಳಗೆ ಸೇರಿದ ಕರಿಯ ಊಟಕ್ಕೂ ಅಂಗಳಕ್ಕಿಳಿಯಲಿಲ್ಲ. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೂ ನನ್ನ ಪಂಚೆಯೊಳಗೆ ತಲೆ ತೂರಿಸುತ್ತಿದ್ದ. "ಮನೆ ಕಾಯದ ನಾಯಿ ಯಾಕ್ರೀ? ಹೆಮ್ಮಿಗೇಲಿರೋ ನನ್ನ ತಂಗಿ ತೋಟಕ್ಕೆ ಕಳಿಸ್ಬಿಡೋಣ. ಅಲ್ಲಾದ್ರೂ ಸುಧಾರಿಸ್ಕೊಳ್ಳಲಿ" ಎಂದಳು ಹೆಂಡತಿ. ನಾನು ಒಪ್ಪಲಿಲ್ಲ. ನಾನು ನನ್ನ ಪ್ರಬಂಧಗಳನ್ನು ಗಟ್ಟಿಯಾಗಿ ಓದುವಾಗ ಎದ್ದು ಹೋಗದ ಜೀವ ಅದೊಂದೇ.

ಚಿಕಿತ್ಸೆಗೆ ಮೊದಲು ಕಾಲನಿರ್ಣಯವಾಗಬೇಕಷ್ಟೆ. ಬಸವ ಬಂದದ್ದು ಸೋಮವಾರವೆಂದು ಹೆಂಡತಿ, ಮಂಗಳವಾರವೆಂದು ನಾನು, ಎದುರುಮನೆಯವರು ಬುಧವಾರವೆಂದರು. ಪಶುವೈದ್ಯರು "ಯಾವಾಗ ಹೆದರ್ಕೊಂಡಿದ್ದು ಸಾರ್?" ಎಂದಾಗ, "ಈ ಕುರಿತು ಮೂರು ಅಭಿಪ್ರಾಯಗಳಿವೆ" ಎಂದೆ. "ನಾಯಿ ಅಭಿಪ್ರಾಯ ಏನಂತೆ?" ಎಂದರು. ಆಮೇಲೆ, "ಅದೇ ಬಸವನ್ನ ದೂರದಿಂದ ತೋರ್ಸಿ. ನಾಯೀನ ಎಳೀಬೇಡಿ. ಪಕ್ಕದಲ್ಲಿ ನೀವು ಧೈರ್ಯವಾಗಿ ನಿಂತ್ಕೊಳ್ಳಿ, ಅದು ನಿಮ್ಮನ್ನ ನೋಡಿ ಕಲಿಯುತ್ತೆ" ಎಂದು ಸಲಹೆ ಕೊಟ್ಟರು.

ಚಿಕ್ಕಯ್ಯನಛತ್ರದ ಕಡೆ ತಿರುಗುತ್ತಿದ್ದ ಬಸವನನ್ನು ಹೆಂಡತಿ ಹೇಳಿಕಳಿಸಿ ಕರೆಸಿದಳು. ಅದು ಗೇಟಿನಾಚೆ ನಿಂತಿತು. ಕರಿಯ ನನ್ನ ಕಾಲ ಸಂದಿಯಲ್ಲಿ ನಡುಗುತ್ತಿದ್ದ. ಪ್ರತ್ಯಕ್ಷ ಸಾಕ್ಷಿಯೇ ಎದುರಿಗಿರುವಾಗ ಸಂಶೋಧಕನಾದವನು ಸುಮ್ಮನಿರುವುದು ಹೇಗೆ? "ಬಸವಣ್ಣ, ನೀನು ಬಂದದ್ದು ಮಂಗಳವಾರವಲ್ಲವೆ?" ಎಂದೆ. ಬಸವ ತಲೆಯಾಡಿಸಿತು. ಗೆಲುವಿನಿಂದ ಹೆಂಡತಿಯ ಕಡೆ ನೋಡಿದೆ. "ಸೋಮವಾರ ತಾನೆ ಬಸವಣ್ಣ?" ಎಂದಳು ಅವಳು. ಅದಕ್ಕೂ ಆಡಿಸಿತು.

"ಏನ್ ಕೇಳುದ್ರೂ ಊಂ ಅಂತದೆ ಸಾ," ಎಂದ ಬಸವನನ್ನು ಆಡಿಸುವವನು. "ಇಲ್ಲ ಅಂದ್ರೆ ಯಾರ್ ಸಾ ಅಕ್ಕಿ ಆಕ್ತಾರೆ?"

ನಾನು ಭಾಗವಹಿಸಿದ ವಿಚಾರಸಂಕಿರಣಗಳೆಲ್ಲ ಕಣ್ಣಮುಂದೆ ಸುಳಿದವು. ಆದರೂ ಪಾಟೀಸವಾಲು ಬಿಡಬಾರದೆಂದು ಗೇಟು ತೆರೆದು, ಬಸವನ ಮುಖದ ಹತ್ತಿರ ಬೆರಳೆತ್ತಿ, "ಸರಿಯಾಗಿ ನೆನಪಿಸಿಕೊಂಡು ಹೇಳು" ಎಂದೆ. ಅದು ತಲೆ ತಗ್ಗಿಸಿ ಬುಸ್ಸೆಂದಿತು.

ಮುಂದಿನದನ್ನು ನಾನು ಮೇಜಿನ ಕೆಳಗಿನಿಂದ ಕೇಳಿದೆ, ನೋಡಲಿಲ್ಲ. ಕರಿಯ ಬೊಗಳುತ್ತಿದ್ದ. ಓಡುತ್ತಿದ್ದ ನನ್ನನ್ನೊಮ್ಮೆ, ಬಸವನನ್ನೊಮ್ಮೆ ನೋಡಿ, ಈ ಮನೆಯಲ್ಲಿ ಯಾರಾದರೊಬ್ಬರು ನಿಲ್ಲಲೇಬೇಕೆಂದು ಅರಿತವನಂತೆ ಅವನು ಗೇಟಿಗೆ ಅಡ್ಡ ನಿಂತನೆಂದು ಹೆಂಡತಿ ಹೇಳುತ್ತಾಳೆ. ಈಗ ಅಲ್ಲೇ ಮಲಗುತ್ತಾನೆ. ಹೆಮ್ಮಿಗೆಯ ಮಾತು ಮಾತ್ರ ಮನೆಯಲ್ಲಿ ಇನ್ನೂ ನಿಂತಿಲ್ಲ. ತೋಟದ ಗಾಳಿ ನನಗೆ ಒಳ್ಳೆಯದಂತೆ. ಹೊರಡುವುದು ಯಾವ ದಿನ ಎಂದು ಈ ಸಲ ನಾನು ಕೇಳಿಲ್ಲ.